ಅಂಬೇವಾಡಿಯ ಮಳೆರಾತ್ರಿ: ನೂರು ಲೀಟರ್ ನೀರಿನೊಳಗಿನ ಪ್ರಾಣಸಂಕಟ

"ಕಾಕಾ, ಲಗೂನ ಬರ್ರಿ! ಮೀನೆಲ್ಲಾ ಬೆಳ್ಳಗಾಗಿ ಸಾಯಾಕತ್ತಾವ್ರಿ!"

ಆಷಾಢದ ಜಡಿಮಳೆ. ಅಂಬೇವಾಡಿಗೆ ಅಂಬೇವಾಡಿಯೇ ಕತ್ತಲಲ್ಲಿ ಮುಳುಗಿತ್ತು. ಪಕ್ಕದ ಮನೆಯ ಹುಡುಗನ ಬೆನ್ನಿಗೇ ಓಡಿದೆ. ನೂರು ಲೀಟರಿನ ಗಾಜಿನ ತೊಟ್ಟಿಗೆ ಟಾರ್ಚ್ ಬಿಟ್ಟರೆ ಎದೆ ಧಸಕ್ಕೆಂದಿತು. ಏಂಜೆಲ್ ಮೀನಿನ ಉದ್ದನೆಯ ರೆಕ್ಕೆಗಳು ಚಿಂದಿ. ಮಾಲಿ ಮೀನುಗಳು ಬಣ್ಣ ಕಳೆದುಕೊಂಡು ತಳ ಹಿಡಿದಿವೆ. ಉಳಿದವು ನೀರಿನ ಮೇಲೆ ಬಾಯಿ ತೆರೆದು ಏದುಸಿರು ಬಿಡುತ್ತಿವೆ. ಕರೆಂಟ್ ಹೋಗಿ ಏರ್ ಪಂಪ್ ನಿಂತಿದೆ!

ಮೊದಲು ಉಸಿರು, ಆಮೇಲೆ ರೋಗ. ತೊಟ್ಟಿಯ ನೀರನ್ನೇ ತಂಬಿಗೆಯಲ್ಲಿ ಮೊಗೆದು ಮೇಲಿಂದ ಸುರಿ, ಮತ್ತೆ ಮೊಗೆ, ಮತ್ತೆ ಸುರಿ. ಹುಡುಗನ ಕೈ ಸೋತಾಗ ನನ್ನ ಕೈ. ಗೌರಾಮಿ ಮಾತ್ರ ನಿಶ್ಚಿಂತವಾಗಿತ್ತು. ಗಾಳಿಯನ್ನೇ ನೇರ ಉಸಿರಾಡಬಲ್ಲ ಮೀನದು.

ಅಷ್ಟರಲ್ಲಿ ಹುಡುಗನ ತಾಯಿ ನಳದ ನೀರಿನ ಕೊಡ ಎತ್ತಿದರು. "ಅರ್ಧಾ ನೀರು ಚೆಲ್ಲಿ ಹೊಸಾ ನೀರು ಹಾಕ್ತೇನ್ರಿ."

"ತಡೀರಿ ವೈನಿ! ಒಂದ್ ಹನಿನೂ ಹಾಕಬ್ಯಾಡ್ರಿ!"

ರೆಕ್ಕೆ ಹರಿದವರು ಯಾರು? ಟೈಗರ್ ಬಾರ್ಬ್ ಕಚ್ಚಿದ್ದರೆ ತುಂಡು ಕಿತ್ತ ಜಾಗ ಸ್ಪಷ್ಟವಾಗಿ ಕಾಣುತ್ತದೆ. ಇಲ್ಲಿ ಅಂಚು ಬಿಳಿಚಿ ಕೊಳೆತಿದೆ, ಬಾರ್ಬ್‌ನ ರೆಕ್ಕೆಯೂ ಹರಿದಿದೆ. ಉಪ್ಪಿನ ಹರಳಿನಂಥ ಚುಕ್ಕೆಯಿಲ್ಲ, ಹತ್ತಿಯಂಥ ಬೂಜಿಲ್ಲ. ರೆಕ್ಕೆ ಕೊಳೆಸುವ ಬ್ಯಾಕ್ಟೀರಿಯಾ ನೀರಿನಲ್ಲಿ ಸದಾ ಇರುತ್ತದೆ. ಮೀನು ಬಳಲಿದಾಗಷ್ಟೇ ಅದರ ಕೈ ಮೇಲಾಗುತ್ತದೆ. ಬಳಲಿಸಿದ್ದು ಏನು? ಗಡಸು ನೀರು ಬೇಡುವ ಮಾಲಿಗಳು ಮೊದಲು ಬಿದ್ದಿವೆ. ಅಮೆಜಾನ್ ಕಾಡಿನ ಆಮ್ಲೀಯ ನೀರಿನ ಮೂಲದ ನಿಯಾನ್ ಟೆಟ್ರಾಗಳು ಇನ್ನೂ ಗಟ್ಟಿಯಾಗಿವೆ. ಸುಳಿವು ಸಿಕ್ಕಿತು!

ಗಾಜಿನ ನಳಿಗೆಗೆ ನೀರು ತುಂಬಿ ಪರೀಕ್ಷೆಯ ಹನಿ ಬಿಟ್ಟೆ. ಪಿಎಚ್ ಹಳದಿ: 6 ಅಥವಾ ಅದಕ್ಕಿಂತ ಕೆಳಗೆ. ಅಮೋನಿಯಾ ಕಡುಹಸಿರು.

"ಯಾವ ನೀರು ಹಾಕತಿದ್ದಿ?" ಅಂದೆ.

"ಮಳಿ ನೀರ್ರಿ ಕಾಕಾ. ಹಂಚಿನಿಂದ ಬೀಳೂದು. ಸ್ವಚ್ಛ ಐತಲ್ರಿ?"

ಸ್ವಚ್ಛ ಹೌದು, ಆದರೆ ಅದರಲ್ಲಿ ಸುಣ್ಣದಂಶವಿಲ್ಲ. ಮೀನು ಹೊರಬಿಡುವ ಅಮೋನಿಯಾವನ್ನು ಫಿಲ್ಟರಿನ ಬ್ಯಾಕ್ಟೀರಿಯಾಗಳು ನೈಟ್ರೇಟ್ ಮಾಡುವಾಗ ಆಮ್ಲ ಹುಟ್ಟುತ್ತದೆ. ಅದನ್ನು ತಡೆಯುವ ಕಾರ್ಬೊನೇಟ್ ಮುಗಿದರೆ ಪಿಎಚ್ ಕುಸಿದು ಆ ಬ್ಯಾಕ್ಟೀರಿಯಾಗಳೇ ಕೆಲಸ ನಿಲ್ಲಿಸುತ್ತವೆ, ಅಮೋನಿಯಾ ಶೇಖರವಾಗುತ್ತದೆ. ಆಮ್ಲೀಯ ನೀರಿನಲ್ಲಿ ಅದು ಬಹುಪಾಲು ಅಮೋನಿಯಂ ರೂಪದಲ್ಲಿದ್ದು ಅಷ್ಟಾಗಿ ಕೊಲ್ಲುವುದಿಲ್ಲ. ಆದರೆ ಪಿಎಚ್ ಒಂದಂಕ ಏರಿದರೆ ವಿಷದ ಪಾಲು ಸುಮಾರು ಹತ್ತು ಪಟ್ಟು! ಅರ್ಧ ತೊಟ್ಟಿ ನಳದ ನೀರು ಸುರಿದಿದ್ದರೆ ಪಿಎಚ್ ಒಮ್ಮೆಲೇ ಏರುತ್ತಿತ್ತು. ವೈನಿಯ ಕೊಡದಲ್ಲಿ ಇದ್ದದ್ದು ಅದೇ ಸಾವು.

ನಳದ ನೀರಿನ ಕ್ಲೋರಿನ್ ಹೋಗಲು ಹೈಪೋ ಬೆರೆಸಿ, ಹತ್ತು ಲೀಟರ್ ಹಳೆ ನೀರು ತೆಗೆದು, ಸಣ್ಣ ಪೈಪಿನಲ್ಲಿ ಹನಿಹನಿಯಾಗಿ ಹೊಸದನ್ನು ಬಿಟ್ಟೆವು. ಕೆಲವು ಗಂಟೆ ಬಿಟ್ಟು ಮತ್ತೆ ಅಷ್ಟೇ. ಮೇವು ಬಂದ್. ಕರೆಂಟ್ ಬರುವ ಹೊತ್ತಿಗೆ ಫಿಲ್ಟರಿನ ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿದೆವು. ನಳದ ನೀರಿಗೆ ಹಿಡಿದಿದ್ದರೆ ಉಳಿದ ಬ್ಯಾಕ್ಟೀರಿಯಾವೂ ಸಾಯುತ್ತಿತ್ತು. ಬಳಿಕ ಕಾರವಾರದಿಂದ ತರಿಸಿದ ತಿಸ್ರೆ ಚಿಪ್ಪು ಕುದಿಸಿ ಫಿಲ್ಟರಿಗೆ ಸೇರಿಸಿದೆವು. ಆಮ್ಲವಿದ್ದಷ್ಟೂ ಚಿಪ್ಪು ಕರಗಿ ಕಾರ್ಬೊನೇಟ್ ಬಿಡುತ್ತದೆ, ನಿಧಾನವಾಗಿ.

ಮಾಲಿಗಳು ಉಳಿಯಲಿಲ್ಲ. ಹುಡುಗ ಬಿಕ್ಕಿಬಿಕ್ಕಿ ಅತ್ತ. ಏಂಜೆಲ್ ಗೆದ್ದಿತು: ಹರಿದ ಅಂಚಿನಿಂದ ಪಾರದರ್ಶಕವಾದ ಹೊಸ ರೆಕ್ಕೆ ಚಿಗುರಿತು. ಔಷಧಿ ಹಾಕಲೇ ಇಲ್ಲ.

ದಾಂಡೇಲಿ, ಹಳಿಯಾಳ, ಜೋಯ್ಡಾ ಕಡೆ ಮೀನು ಸಾಕಿದವರಲ್ಲಿ ಕೇಳಿಕೊಳ್ಳುತ್ತೇನೆ: ಮೀನು ಬಿಳಿಚಿದರೆ ಮೀಥಿಲೀನ್ ಬ್ಲೂ ಔಷಧಿಯ ಬಾಟಲಿಗೆ ಕೈ ಹಾಕಬೇಡಿ, ಕೊಡವನ್ನೂ ಎತ್ತಬೇಡಿ. ಮೊದಲು ಪಿಎಚ್ ಮತ್ತು ಅಮೋನಿಯಾ ಅಳೆಯಿರಿ.