ಮೆಕ್ಕೆಜೋಳದ ಕರೆ

ಚಿತ್ರದುರ್ಗದ ಪಾಳೆಯಗಾರ ಭರಮಣ್ಣ ನಾಯಕನ ಹೆಸರಿನ ದೊಡ್ಡ ಕೆರೆ ಇದ್ದರೂ ಭರಮಸಾಗರದ ಸುತ್ತಿನ ಎಷ್ಟೋ ಹೊಲಗಳ ಕಣ್ಣು ಮುಗಿಲ ಮೇಲೆಯೇ. ಬೆಳಿಗ್ಗೆ ಅಗಲಕ್ಕೆ ಚಾಚಿದ್ದ ಮೆಕ್ಕೆಜೋಳದ ಗರಿ ಬಿಸಿಲೇರಿದಂತೆ ಅಂಚು ಮಡಚಿ ಸುರುಳಿ ಸುತ್ತಿಕೊಳ್ಳುತ್ತದೆ. "ಗರಿ ಸುತ್ಕಂಡೈತೆ ಕಣಣ್ಣ, ಮಳೆ ಬರ್ಬೇಕು" ಎನ್ನುತ್ತಾರೆ ಹೊಲದವರು. ಸಂಜೆಗೆ ಬಿಚ್ಚಿಕೊಂಡರೆ ಸಮಾಧಾನ. ಮುಂಜಾನೆಯ ತಂಪಿನಲ್ಲೂ ಬಿಚ್ಚದಿದ್ದರೆ ಎದೆ ಧಸಕ್ಕೆನ್ನುತ್ತದೆ.

ಯಂತ್ರ ಹಿಡಿದವರಿಗೂ ಈ ಬಾಯಾರಿಕೆ ಕೇಳಿಸಿದೆ. ನೀರು ಕಾಣದ ಟೊಮೆಟೊ, ತಂಬಾಕು ಗಿಡಗಳು ಗಂಟೆಗೆ ಹತ್ತಾರು ಸಲ ಚಟಚಟ ಎನ್ನುತ್ತವೆ ಎಂದು ಟೆಲ್ ಅವೀವ್ ವಿಶ್ವವಿದ್ಯಾಲಯದವರು 2023ರಲ್ಲಿ ಪ್ರಕಟಿಸಿದರು. ಮನುಷ್ಯರ ಕಿವಿಗೆ ನಿಲುಕದ ಸದ್ದು ಅದು.

ನನ್ನನ್ನು ಹಿಡಿದು ನಿಲ್ಲಿಸುವುದು ಮಾತ್ರ ವಾಸನೆ. ಹಸಿ ಗರಿ ಹರಿದರೆ ಮೂಗಿಗೆ ಬಡಿಯುತ್ತದಲ್ಲ, ಆ ಘಮಲು ಪಕ್ಕದ ಸಸಿಗೂ ತಲುಪುತ್ತದೆ, ತಲುಪಿದ ಸಸಿ ಹುಳುವನ್ನು ಎದುರಿಸಲು ಮುಂಚೆಯೇ ಸಜ್ಜಾಗುತ್ತದೆ. ಇನ್ನೂ ಸೋಜಿಗದ್ದು ವಿಜ್ಞಾನಿ ಟೆಡ್ ಟರ್ಲಿಂಗ್ಸ್ ಮತ್ತು ಸಂಗಡಿಗರು 1990ರಲ್ಲಿ ತೋರಿಸಿದ್ದು. ಬರೀ ಗಾಯವಾದರೆ ಮೆಕ್ಕೆಜೋಳ ಅಷ್ಟಾಗಿ ಕೂಗುವುದಿಲ್ಲ. ಗಾಯಕ್ಕೆ ಹುಳುವಿನ ಎಂಜಲು ತಾಗಬೇಕು. ಆಗ ಕೆಲವು ಗಂಟೆಗಳಲ್ಲಿ ಗಿಡದಿಂದ ಬೇರೆಯದೇ ವಾಸನೆ ಹೊರಡುತ್ತದೆ, ಅದರ ಜಾಡು ಹಿಡಿದು ಪುಟ್ಟ ಕಣಜಗಳು ಬರುತ್ತವೆ. ಹುಳುವಿನ ಮೈಯೊಳಗೇ ಮೊಟ್ಟೆಯಿಡುತ್ತವೆ. ತನ್ನನ್ನು ತಿನ್ನುತ್ತಿರುವುದು ಯಾರೆಂದು ಗಿಡಕ್ಕೆ ಗೊತ್ತು, ಯಾರನ್ನು ಕರೆಯಬೇಕೆಂಬುದೂ ಗೊತ್ತು!

ಅಮೆರಿಕ ಖಂಡದ ಸೈನಿಕ ಹುಳು ಭಾರತದಲ್ಲಿ ಮೊದಲು ಕಂಡದ್ದು 2018ರಲ್ಲಿ, ನಮಗೆ ಹತ್ತಿರದ ಶಿವಮೊಗ್ಗದ ಮೆಕ್ಕೆಜೋಳದಲ್ಲಿ. ಸುಳಿಯೊಳಗೆ ಕೂತು ಮೇಯುತ್ತದೆ. ಸುಳಿ ಬಿಡಿಸಿದರೆ ಗರಗಸದ ಪುಡಿಯಂಥ ಹಿಕ್ಕೆ, ಕಿಟಕಿ ಕೊರೆದ ಗರಿ, ತಲೆಯ ಮೇಲೆ ಬಿಳಿ ಗೆರೆ ಹೊತ್ತ ಹುಳು. ಇದರ ಮೈಯೊಳಗೂ ಮೊಟ್ಟೆಯಿಡುವ ಕಣಜಗಳು ಕರ್ನಾಟಕದ ಹೊಲಗಳಲ್ಲೇ ಸಿಕ್ಕಿವೆ. ಸಿಕ್ಕಾಪಟ್ಟೆ ಔಷಧಿ ಹೊಡೆದರೆ ಹುಳುವಿನ ಜತೆ ಅವೂ ಸಾಯುತ್ತವೆ. ಅದಕ್ಕೇ, ಹುಳು ಕಂಡ ಬೆಳಿಗ್ಗೆಯೇ ಬೆನ್ನಿಗೆ ಪಂಪು ಏರಿಸುವವರಿಗೆ, "ಒಂದೆರಡು ಸಾಲು ಸುಳಿ ಬಿಡಿಸಿ ನೋಡ್ರಣ್ಣ" ಅನ್ನುತ್ತೇನೆ. ಸೊರಗಿದ ಹುಳುವಿನ ಪಕ್ಕ ಕಣಜದ ಪುಟ್ಟ ಗೂಡುಗಳು ಕಂಡರೆ ಗಿಡ ಕರೆದವರು ಬಂದಾಗಿದೆ. ಪಂಪು ಇನ್ನೆರಡು ದಿನ ಮನೆಯಲ್ಲೇ ಇರಲಿ.