ಗೋಪುರದೊಳಗೆ 38 ವರ್ಷ

ಫ್ರಾನ್ಸಿನ ಮಹಾಕ್ರಾಂತಿ ಎಂದೊಡನೆ ನಮ್ಮ ವಿದ್ಯಾರ್ಥಿಗಳಿಗೆ ನೆನಪಾಗುವುದು ಬಾಸ್ತೀಲ್ ಸೆರೆಮನೆ. ಅದನ್ನು ನೋಡುವ ಆಸೆಯಿಂದ ಪ್ಯಾರಿಸ್ಸಿಗೆ ಹೋದವರಿಗೆ ಸಿಗುವುದು ಒಂದು ವಿಶಾಲ ಚೌಕ, ನಡುವೆ ಒಂದು ಕಂಬ. ಆ ಕಂಬವೂ 1830ರ ಇನ್ನೊಂದು ಕ್ರಾಂತಿಯ ಸ್ಮಾರಕ. 1789ರ ಜುಲೈ 14ರಂದು ಜನ ನುಗ್ಗಿದಾಗ ಒಳಗಿದ್ದ ಕೈದಿಗಳಾದರೂ ಎಷ್ಟು? ಏಳೇ ಮಂದಿ!

ಅರಸರ ಕಾಲದ ಸೆರೆಮನೆ ನೋಡಬೇಕಾದರೆ ದೇಶದ ದಕ್ಷಿಣದ ತುದಿಗೆ, ಏಗ್‌ಮೋರ್ತ್ ಎಂಬ ಪುಟ್ಟ ಊರಿಗೆ ಹೋಗಬೇಕು. ನೀಮ್ ನಗರದಿಂದ ರೈಲಿದೆ. ಊರ ಹೆಸರಿನ ಅರ್ಥ 'ಸತ್ತ ನೀರು'. ಸುತ್ತಲೂ ಜೌಗು, ಉಪ್ಪಿನಾಗರಗಳು. ಅವುಗಳ ನಡುವೆ ಒಂದೂವರೆ ಕಿಲೋಮೀಟರಿಗೂ ಉದ್ದನೆಯ, ಎಲ್ಲಿಯೂ ಕುಸಿಯದ ಕೋಟೆಗೋಡೆ. ಅದರ ಮೂಲೆಯಲ್ಲಿ ಗೋಡೆಯಿಂದ ತುಸು ದೂರ ಸರಿದು ನಿಂತಿದೆ ಕಾನ್‌ಸ್ಟಾನ್ಸ್ ಗೋಪುರ. ಅದರ ಗೋಡೆಯ ದಪ್ಪ ಸುಮಾರು 6 ಮೀಟರ್.

ಇದನ್ನು ಕಟ್ಟಿಸಿದವನು 9ನೇ ಲೂಯಿ. 1248ರಲ್ಲೂ 1270ರಲ್ಲೂ ಅವನ ಧರ್ಮಯುದ್ಧದ ಹಡಗುಗಳು ಹೊರಟದ್ದು ಇಲ್ಲಿಂದಲೇ. ಎರಡನೆಯ ಸಲ ಹೋದವನು ಟ್ಯೂನಿಸ್ ಬಳಿ ತೀರಿಕೊಂಡ. ಅವನನ್ನು ಚರ್ಚು ಸಂತನೆಂದು ಸಾರಿತು. ಸಂತ ಕಟ್ಟಿಸಿದ ಗೋಪುರ ಮುಂದೆ ಪರಪಂಥದವರ ಸೆರೆಮನೆಯಾಯಿತು.

ಹದಿನಾರನೆಯ ಶತಮಾನದಲ್ಲಿ ಕ್ಯಾಥೊಲಿಕರು, ಪ್ರೊಟೆಸ್ಟೆಂಟರು ಮೂವತ್ತಕ್ಕೂ ಹೆಚ್ಚು ವರ್ಷ ಒಬ್ಬರನ್ನೊಬ್ಬರು ಕೊಂದರು. ಪ್ಯಾರಿಸ್ಸಿನಲ್ಲಿ 1572ರ ಆಗಸ್ಟಿನಲ್ಲಿ ಪ್ರೊಟೆಸ್ಟೆಂಟರ ಮಾರಣಹೋಮ ನಡೆಯಿತು. ಅದಕ್ಕೆ ಐದು ವರ್ಷ ಮೊದಲು, ನಾವು ರೈಲು ಹತ್ತಿದ ಇದೇ ನೀಮ್‌ನಲ್ಲಿ, ಕೊಂದವರು ಪ್ರೊಟೆಸ್ಟೆಂಟರು, ಸತ್ತವರು ಕ್ಯಾಥೊಲಿಕರು. ಯಾವ ಕಡೆಯ ಕೈಯೂ ಶುಭ್ರವಲ್ಲ. 1598ರಲ್ಲಿ 4ನೇ ಹೆನ್ರಿ ನಾಂತ್ ಶಾಸನದ ಮೂಲಕ ಪ್ರೊಟೆಸ್ಟೆಂಟರಿಗೆ ಬಾಳಲು ಅವಕಾಶ ಕೊಟ್ಟ. 1685ರಲ್ಲಿ ಅವನ ಮೊಮ್ಮಗ 14ನೇ ಲೂಯಿ ಅದನ್ನು ಕಿತ್ತುಹಾಕಿದ. ಅಲ್ಲಿಂದಾಚೆಗೆ ಗುಟ್ಟಾಗಿ ಪ್ರಾರ್ಥನೆಗೆ ಸೇರಿ ಸಿಕ್ಕಿಬಿದ್ದ ಗಂಡಸರಿಗೆ ಹಡಗಿನಲ್ಲಿ ಹುಟ್ಟು ಹಾಕುವ ಶಿಕ್ಷೆ, ಹೆಂಗಸರಿಗೆ ಸೆರೆ, ಬೋಧಕರಿಗೆ ನೇಣು.

1730ರಲ್ಲಿ ಮಾರಿ ದ್ಯುರಾಂ ಎಂಬ ಹತ್ತೊಂಬತ್ತರ ಹುಡುಗಿಯನ್ನು ಈ ಗೋಪುರಕ್ಕೆ ತಂದರು. ಅವಳ ನಿಜವಾದ ಅಪರಾಧ, ಅಣ್ಣ ಪಿಯೆರ್ ಬೋಧಕನಾಗಿದ್ದದ್ದು. ಎರಡು ವರ್ಷಗಳ ನಂತರ ಅವನನ್ನು ಮೊಂಪೆಲಿಯೆಯಲ್ಲಿ ಗಲ್ಲಿಗೇರಿಸಿದರು. ಮಾರಿಗೆ ಬಿಡುಗಡೆಯ ದಾರಿ ತೆರೆದೇ ಇತ್ತು. 'ನನ್ನ ಪಂಥ ಬಿಟ್ಟೆ' ಎಂದರೆ ಸಾಕಿತ್ತು. ಯಾವ ತಂದೆತಾಯಿಯಾದರೂ 'ಹೇಳಿಬಿಡು ಮಗಳೇ, ಮನೆಗೆ ಬಾ' ಎಂದಾರು. ಆದರೆ ಅವಳ ತಂದೆಯೇ ಬ್ರೆಸ್ಕೂ ಕೋಟೆಯಲ್ಲಿ ಕೈದಿ.

ಮಾರಿ ಆ ಮಾತು ಹೇಳಲಿಲ್ಲ. ಚಳಿ, ಹೊಗೆ, ಜೌಗಿನ ತೇವ. ಸಂಗಾತಿಗಳ ಪರವಾಗಿ ಪತ್ರ ಬರೆದು ದೂರದವರ ನೆರವು ಕೇಳುತ್ತಿದ್ದವಳು ಅವಳೇ. ಆ ಪತ್ರಗಳಲ್ಲಿ ಹಲವು ಇಂದಿಗೂ ಉಳಿದಿವೆ. ಮೇಲಂತಸ್ತಿನ ದುಂಡು ಕೋಣೆಯ ನೆಲದ ನಡುವೆ ಬಾವಿಯಂತಹ ಕಿಂಡಿಯೊಂದಿದೆ. ಅದರ ಕಟ್ಟೆಯ ಕಲ್ಲಿನಲ್ಲಿ ಒಂದೇ ಒಂದು ಪದ ಕೊರೆದಿದೆ. ಕಾಗುಣಿತ ಇಂದಿನ ಫ್ರೆಂಚಿನಂತಿಲ್ಲ. ಅರ್ಥ ಮಾತ್ರ ಸ್ಪಷ್ಟ: 'ಎದುರಿಸಿ ನಿಲ್ಲು'. ಕೊರೆದವಳು ಮಾರಿಯೇ ಎಂದು ಪ್ರತೀತಿ. ಪುರಾವೆ ಇಲ್ಲ. ಬೇರೆ ಯಾರೇ ಆಗಿದ್ದರೂ ಆ ಪದದ ತೂಕ ಕಡಿಮೆಯಾಗದು.

ಪ್ರಾಂತ್ಯದ ಆಡಳಿತ ನೋಡುತ್ತಿದ್ದ ಬೋವೋ ರಾಜಕುಮಾರ ಇಲ್ಲಿನ ಮುದುಕಿಯರನ್ನು ಕಂಡು ಮರುಗಿದ. ಮೇಲಿನವರ ಅಸಮಾಧಾನಕ್ಕೂ ಜಗ್ಗದೆ ಅವರನ್ನು ಬಿಡಿಸಿದ. 1768ರ ಏಪ್ರಿಲ್‌ನಲ್ಲಿ ಮಾರಿ ಹೊರಗೆ ಬಂದಳು. ಹುಟ್ಟಿದ ಮನೆಗೇ ಮರಳಿ 1776ರಲ್ಲಿ ತೀರಿಕೊಂಡಳು. ಅವಳ ಪಂಥದವರ ಮದುವೆಗಳನ್ನು ಕಾನೂನು ಒಪ್ಪಿದ್ದು 1787ರಲ್ಲಿ, ಸಮಾನ ಹಕ್ಕು ಸಿಕ್ಕಿದ್ದು ಕ್ರಾಂತಿಯ ನಂತರ.

ಪಠ್ಯಪುಸ್ತಕ ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತದೆ. ಅದೇ ಕ್ರಾಂತಿ ಮುಂದೆ ಕ್ಯಾಥೊಲಿಕ್ ಪಾದ್ರಿಗಳಿಂದ ನಿಷ್ಠೆಯ ಪ್ರಮಾಣ ಕೇಳಿತು. ಒಲ್ಲೆನೆಂದವರು ಓಡಿಹೋದರು, ಇಲ್ಲವೇ ಸೆರೆ ಸೇರಿದರು. 1792ರ ಸೆಪ್ಟೆಂಬರಿನಲ್ಲಿ ಪ್ಯಾರಿಸ್ಸಿನ ಸೆರೆಮನೆಗಳಲ್ಲಿ ಇನ್ನೂರರಷ್ಟು ಪಾದ್ರಿಗಳನ್ನು ಕಡಿದು ಹಾಕಿದರು. ಅವರಿಗೂ ಉಳಿಯಲು ಒಂದೇ ಮಾತು ಸಾಕಿತ್ತು.

ಗೋಪುರದ ಸುರುಳಿ ಮೆಟ್ಟಿಲು ತಾರಸಿಗೆ ಒಯ್ಯುತ್ತದೆ. ಬೇಸಿಗೆಯಲ್ಲಿ ಅಲ್ಲಿಂದ ಗುಲಾಬಿ ಬಣ್ಣಕ್ಕೆ ತಿರುಗಿದ ಉಪ್ಪಿನಾಗರಗಳು ಕಾಣುತ್ತವೆ. ಅವುಗಳಾಚೆ ಬಿಳಿಯ ಉಪ್ಪಿನ ರಾಶಿ, ಇನ್ನೂ ಆಚೆ ಕಡಲು.