ಕಾವಿಲ್ಲದ ಕೊಡಲಿಗಳ ನಾಡಿನಲ್ಲಿ

ಬಳ್ಳಾರಿಯಿಂದ ಹೊಸಪೇಟೆಯತ್ತ ಹೊರಟ ಬಸ್ಸು ಇಪ್ಪತ್ತು ಕಿಲೋಮೀಟರ್ ಸಾಗುವಷ್ಟರಲ್ಲಿ ಕುಡತಿನಿ ಬರುತ್ತದೆ. ದೂರದಿಂದಲೇ ಕಣ್ಣಿಗೆ ಬೀಳುವುದು ಶಾಖೋತ್ಪನ್ನ ವಿದ್ಯುತ್ ಸ್ಥಾವರದ ಚಿಮಣಿಗಳು. ಅಲ್ಲಿ ಕಲ್ಲಿದ್ದಲು ಉರಿದು ಬೂದಿಯಾಗುತ್ತದೆ. ಆದರೆ ಈ ಊರಿಗೂ ಬೂದಿಗೂ ಇರುವ ನಂಟು ಅದಕ್ಕಿಂತ ಬಲು ಹಳೆಯದು. ಊರಿನ ಬಳಿ ಇರುವ ಬೂದಿದಿಬ್ಬದ ವಯಸ್ಸು ಸಾವಿರಾರು ವರ್ಷ.

ರಾಕ್ಷಸರನ್ನು ಸುಟ್ಟ ಬೂದಿ ಇದು ಎಂಬುದು ಹಿರಿಯರ ಕಥೆ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಹತ್ತೊಂಬತ್ತನೇ ಶತಮಾನದಲ್ಲಿಯೇ ಇಂತಹ ದಿಬ್ಬಗಳು ದನದ ಸಗಣಿ ಸುಟ್ಟು ಆದವು ಎಂದು ಊಹಿಸಿದ್ದರು. 1960ರಲ್ಲಿ ವಿಜ್ಞಾನಿ ಝಾಯ್ನರ್ ಬೂದಿಯನ್ನು ಪರೀಕ್ಷಿಸಿ ಅದು ನಿಜವೆಂದು ತೋರಿಸಿದರು. ಅಂದರೆ ಇದು ನವಶಿಲಾಯುಗದ ದನಗಾಹಿಗಳ ದೊಡ್ಡಿ ಇದ್ದ ಜಾಗ. ರಾಕ್ಷಸರಲ್ಲ, ನಮ್ಮ ನಿಮ್ಮಂತೆಯೇ ಎರಡು ಕೈಗಳಿದ್ದ ಮನುಷ್ಯರು!

ಆ ಕೈಗಳು ಹಿಡಿದದ್ದೇನು ಎಂದು ನೋಡಬೇಕಾದರೆ ಬಳ್ಳಾರಿಯ ಕಡೆಗೆ ಹಿಂತಿರುಗಿ, ನಗರದ ಹೊರಗಿರುವ ಸಂಗನಕಲ್ಲು ಗುಡ್ಡಗಳಿಗೆ ಹೋಗಬೇಕು. ಹಿರೇಗುಡ್ಡದಲ್ಲಿ ಬಿಳಿಚು ಕಣಶಿಲೆಯನ್ನು ಸೀಳಿಕೊಂಡು ಕಪ್ಪು ಡಾಲರೈಟ್ ಕಲ್ಲಿನ ಪಟ್ಟಿಯೊಂದು ಹಾದುಹೋಗಿದೆ. ಅಂದಿನವರಿಗೆ ಇದು ಕೊಡಲಿಯ ಕಾರ್ಖಾನೆ. ಕಪ್ಪು ಕಲ್ಲನ್ನು ಒಡೆದು, ಚಕ್ಕೆ ಎಬ್ಬಿಸಿ, ಕುಟ್ಟಿ, ಕೊನೆಗೆ ಬಂಡೆಗೆ ಉಜ್ಜಿ ನಯ ಮಾಡುತ್ತಿದ್ದರು. ಉಜ್ಜಿ ಉಜ್ಜಿ ಬಂಡೆಯಲ್ಲಿ ಬಿದ್ದ ಗುಳಿಗಳಲ್ಲಿ ಇಂದಿಗೂ ಅಂಗೈ ಇಟ್ಟು ನೋಡಬಹುದು.

ಆದರೆ ಅಲ್ಲಿ ಸಿಕ್ಕ ಕೊಡಲಿಗಳೆಲ್ಲ ಅರ್ಧ ಕೊಡಲಿಗಳು. ಕಲ್ಲಿನ ತಲೆ ಉಳಿದಿದೆ. ಮರದ ಕಾವು ಮಣ್ಣಾಗಿದೆ. ಕಡಿಯುವುದು ಕಲ್ಲಿನ ಕೆಲಸ, ನಿಜ. ಆದರೆ ಏಟು ಎಲ್ಲಿ ಬೀಳಬೇಕು, ಎಷ್ಟು ಬಲವಾಗಿ ಬೀಳಬೇಕು, ಕಡಿದವನ ಮಣಿಕಟ್ಟು ಸಂಜೆಗೆ ನೋಯಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸುವುದು ಕಾವು. ಇಂದಿಗೂ ಹಳ್ಳಿಯ ಬಡಗಿ ಕಾವು ಕೆತ್ತುವಾಗ ಕೊಡಲಿಯನ್ನಷ್ಟೇ ನೋಡುವುದಿಲ್ಲ, ಅದನ್ನು ಎತ್ತುವವನ ತೋಳನ್ನೂ ನೋಡುತ್ತಾನೆ.

ಕಲ್ಲಿನ ಕಾಲ ಮುಗಿದರೂ ಕಾವಿನ ಲೆಕ್ಕ ಮುಗಿಯಲಿಲ್ಲ. ಬಳ್ಳಾರಿ ಬ್ರಿಟಿಷರ ಕಾಲದಲ್ಲಿ ದೊಡ್ಡ ದಂಡು ಬೀಡುಬಿಟ್ಟ ಊರು. ಕಂಟೋನ್ಮೆಂಟ್ ಎಂಬ ಹೆಸರು ಇಂದಿಗೂ ಉಳಿದಿದೆ. ಸೈನಿಕನ ರೈಫಲ್‌ಗೂ ಒಂದು ಮರದ ಕಾವಿದೆ. ಭುಜಕ್ಕೆ ಒತ್ತುವ ಆ ಹಿಂಭಾಗವನ್ನು ಎನ್.ಸಿ.ಸಿ. ಮಕ್ಕಳು ‘ಬಟ್’ ಎನ್ನುತ್ತಾರೆ. ಮೊದಲನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನ್ಯ ಬಳಸಿದ ಲೀ-ಎನ್‌ಫೀಲ್ಡ್ ರೈಫಲ್‌ಗೆ ಒಂದೇ ಅಳತೆಯ ಬಟ್ ಇರಲಿಲ್ಲ. ಉದ್ದ, ಸಾಮಾನ್ಯ, ಗಿಡ್ಡ ಎಂದು ಅರ್ಧರ್ಧ ಅಂಗುಲದ ವ್ಯತ್ಯಾಸದಲ್ಲಿ ಬಟ್‌ಗಳು ಸಿದ್ಧವಿದ್ದವು. ತೀರ ಕುಳ್ಳ ಸೈನಿಕರಿಗೆಂದು ಇನ್ನೂ ಗಿಡ್ಡನೆಯದೂ ಇತ್ತು. ಸಾಲಿನಲ್ಲಿ ನಿಲ್ಲಿಸಿ ಎಲ್ಲರಿಗೂ ಒಂದೇ ಬಣ್ಣದ ಬಟ್ಟೆ ತೊಡಿಸಿದ ಸೈನ್ಯವೂ ತೋಳಿನ ಉದ್ದಕ್ಕೆ ಮರ್ಯಾದೆ ಕೊಟ್ಟಿತು.

ಅರ್ಧ ಅಂಗುಲಕ್ಕೆ ಇಷ್ಟೊಂದು ಗೌರವ ಏಕೆ? ಬಟ್‌ನ ತುದಿಯಿಂದ ಟ್ರಿಗರ್‌ವರೆಗಿನ ದೂರ ತೋಳಿಗೆ ಮೀರಿದರೆ ರೈಫಲ್‌ನ ಭಾರ ದೇಹದಿಂದ ದೂರ ಸರಿಯುತ್ತದೆ. ಭಾರ ಹೆಚ್ಚದಿದ್ದರೂ ಸನ್ನೆಕೋಲಿನ ನಿಯಮದಂತೆ ಭುಜದ ಮೇಲಿನ ಹೊರೆ ಹೆಚ್ಚುತ್ತದೆ. ಸ್ನಾಯು ದಣಿದು ನಡುಗುತ್ತದೆ. ತೀರ ಗಿಡ್ಡವಾದರೆ ಗುಂಡು ಸಿಡಿದಾಗ ಹಿಮ್ಮೆಟ್ಟುವ ರೈಫಲ್‌ನಿಂದ ಹೆಬ್ಬೆರಳು ಮೂಗಿಗೆ ಬಡಿಯಬಹುದು. ನ್ಯೂಟನ್ನನ ಮೂರನೇ ನಿಯಮ ಯಾರನ್ನೂ ಬಿಡುವುದಿಲ್ಲ. ಇನ್ನು ಕೆನ್ನೆ ಒರಗುವ ಜಾಗ ತಗ್ಗಾಗಿದ್ದರೆ ಕತ್ತು ತೇಲುತ್ತದೆ, ಕಣ್ಣು ಪ್ರತಿ ಸಲವೂ ಬೇರೆ ಬೇರೆ ಜಾಗದಲ್ಲಿ ನಿಲ್ಲುತ್ತದೆ.

ಅದರ ಫಲ ಏನೆಂದು ಸಮರೂಪ ತ್ರಿಭುಜ ಕಲಿತ ಹತ್ತನೇ ತರಗತಿಯ ವಿದ್ಯಾರ್ಥಿ ಲೆಕ್ಕ ಹಾಕಬಲ್ಲ. ಗುರಿ ನೋಡುವ ಹಿಂದಿನ ಮತ್ತು ಮುಂದಿನ ಗುರುತುಗಳ ನಡುವೆ ಅರ್ಧ ಮೀಟರ್ ಇದೆ ಎನ್ನಿ. ಅವು ಪರಸ್ಪರ ಒಂದು ಮಿಲಿಮೀಟರ್ ತಪ್ಪಿದರೆ 25 ಮೀಟರ್ ಆಚೆ ಗುಂಡು 5 ಸೆಂಟಿಮೀಟರ್ ಪಕ್ಕಕ್ಕೆ ಬೀಳುತ್ತದೆ. ಶಿಬಿರದಲ್ಲಿ ಮೊದಲ ಸಲ ರೈಫಲ್ ಹಿಡಿದ ಪುಟ್ಟ ಹುಡುಗಿಯ ಗುರಿ ತಪ್ಪಿದಾಗ, ‘ಕೈ ಗಟ್ಟಿಯಿಲ್ಲ’ ಎಂದು ಹೇಳುವುದು ಸುಲಭ. ಕೈ ಗಟ್ಟಿಯೇ ಇದ್ದು, ಬಟ್ ಅವಳಿಗಿಂತ ಎತ್ತರದವರದ್ದಾಗಿರಬಹುದು. ಮೊಣಕೈಯನ್ನು ಲಂಬಕೋನಕ್ಕೆ ಮಡಿಸಿ, ಬಟ್‌ನ ತುದಿಯನ್ನು ಆ ಮಡಿಕೆಗೆ ಒತ್ತಿದಾಗ ತೋರುಬೆರಳು ಟ್ರಿಗರನ್ನು ಮುಟ್ಟುತ್ತದೆಯೇ ಎಂದು ನೋಡುವುದು ಅಂದಾಜಿಗೆ ಸಿಗುವ ಹಳೆಯ ಪರೀಕ್ಷೆ. ಖಾಲಿ ರೈಫಲ್‌ನಲ್ಲಿ, ತರಬೇತುದಾರರ ಮುಂದೆ ಮಾತ್ರ ಮಾಡಬೇಕಾದದ್ದು.

2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು 10 ಮೀಟರ್ ಏರ್ ರೈಫಲ್‌ನಲ್ಲಿ. ಆ ಸ್ಪರ್ಧೆಯಲ್ಲಿ ಹತ್ತು ಅಂಕದ ಚುಕ್ಕೆಯ ಅಗಲ ಅರ್ಧ ಮಿಲಿಮೀಟರ್! ಅಂತಹ ಸ್ಪರ್ಧೆಯ ರೈಫಲ್‌ಗಳಲ್ಲಿ ಕೆನ್ನೆಯ ಆಸರೆ, ಭುಜದ ಪಟ್ಟಿ ಎಲ್ಲವನ್ನೂ ತಿರುಪು ತಿರುಗಿಸಿ ಮೈಗೆ ಹೊಂದಿಸಿಕೊಳ್ಳಬಹುದು. ಹಿರೇಗುಡ್ಡದ ಕುಶಲಿಗೆ ತಿರುಪು ಇರಲಿಲ್ಲ, ಕೆತ್ತಿದ ಮರವೇ ಗತಿ.

ಇದೆಲ್ಲ ಬಂದೂಕಿಗೆ ಮಾತ್ರ ಸಲ್ಲುವ ಮಾತಲ್ಲ. ನಮ್ಮ ಮನೆಗಳಲ್ಲಿ ‘ಬೆಳೆಯುವ ಮಗು, ಒಂದು ಅಳತೆ ದೊಡ್ಡದೇ ಇರಲಿ’ ಎಂದು ಬೂಟು, ಬ್ಯಾಟು, ಸೈಕಲ್ ಎಲ್ಲವನ್ನೂ ಕೊಳ್ಳುತ್ತೇವೆ. ಕಾಸು ಉಳಿಸುವ ಕಷ್ಟ ಅಪ್ಪ ಅಮ್ಮಂದಿರಿಗೇ ಗೊತ್ತು. ಅಪ್ಪನ ಸೈಕಲ್ಲಿನ ತ್ರಿಕೋನದೊಳಗೆ ಕಾಲು ತೂರಿಸಿ ಸವಾರಿ ಕಲಿತವರು ಕಡಿಮೆಯೇನಿಲ್ಲ. ಆದರೆ ಭಾರದ ಬ್ಯಾಟು ಹಿಡಿದ ಹುಡುಗ ಚೆಂಡು ಬಿಟ್ಟಾಗ, ಎತ್ತರದ ಡೆಸ್ಕಿಗೆ ಮೊಣಕೈ ಎತ್ತಿ ಬರೆಯುವ ಹುಡುಗಿಯ ಅಕ್ಷರ ಸೊಟ್ಟಾದಾಗ, ಬೈಯುವ ಮುನ್ನ ಒಮ್ಮೆ ಅಳತೆ ನೋಡುವುದಕ್ಕೆ ಕಾಸು ಬೇಕಿಲ್ಲ.

ದಸರಾ ರಜೆಯಿಂದ ಫೆಬ್ರುವರಿವರೆಗೆ ಇಲ್ಲಿಗೆ ಬರಲು ಹಿತವಾದ ಕಾಲ. ಬೇಸಿಗೆಯಲ್ಲಿ ಬಳ್ಳಾರಿಯ ಬಂಡೆಗಳು ಕಾದ ಹೆಂಚಿನಂತಿರುತ್ತವೆ. ಕುಡತಿನಿಗೆ ಬಸ್ಸೂ ಇದೆ, ರೈಲು ನಿಲ್ದಾಣವೂ ಇದೆ. ಸಂಗನಕಲ್ಲಿಗೆ ಹೋಗುವಾಗ ನೀರು, ಟೋಪಿ, ಗಟ್ಟಿ ಚಪ್ಪಲಿ ಮರೆಯಬೇಡಿ. ಬಳ್ಳಾರಿಯಲ್ಲಿ ಫೂಟ್ ಅವರ ಹೆಸರಿನ ಪ್ರಾಗೈತಿಹಾಸಿಕ ವಸ್ತುಸಂಗ್ರಹಾಲಯವಿದೆ. ಅಲ್ಲಿ ಕಲ್ಲಿನ ಕೊಡಲಿಗಳನ್ನು ಹತ್ತಿರದಿಂದ ನೋಡಬಹುದು. ಗುಡ್ಡದಲ್ಲಿ ಸಿಕ್ಕ ಕಲ್ಲನ್ನು ಮಾತ್ರ ಜೇಬಿಗಿಳಿಸಬೇಡಿ. ಕಲ್ಲುಗಣಿಗಾರಿಕೆಯಿಂದ ಈ ಗುಡ್ಡಗಳು ಈಗಾಗಲೇ ಸಾಕಷ್ಟು ಕಳೆದುಕೊಂಡಿವೆ. ಮಗುವಿನ ಕೈಗೆ ಒಂದು ಕಾಗದ ಕೊಟ್ಟು, ಈ ಕೊಡಲಿಗೆ ನಿನ್ನ ತೋಳಿಗೆ ತಕ್ಕ ಕಾವು ಬರೆ ಎನ್ನಿ. ಆ ಚಿತ್ರ ಮನೆಗೆ ತಂದರೆ ಸಾಕು.